ಬದುಕು ಯಾತಕ್ಕೆ? ಕ್ರೈಸ್ತರು ಕಂಡ ಉತ್ತರ

ಮೈಸೂರಿನ ಅಶೋಕ ರಸ್ತೆಯಲ್ಲಿ ನಿಂತು ಸಂತ ಫಿಲೋಮಿನಾ ಚರ್ಚನ್ನು ನೋಡುವವರು ಕತ್ತನ್ನು ಹಿಂದಕ್ಕೆ ಬಾಗಿಸಲೇಬೇಕು. ಅದರ ಅವಳಿ ಗೋಪುರಗಳ ಎತ್ತರ ಸುಮಾರು 175 ಅಡಿ. ಪ್ರವಾಸಿಗಳು ಚಿತ್ರ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಆದರೆ ಇಂಥ ಚರ್ಚುಗಳ ನೆರಳಿನಲ್ಲಿ ತಲೆಮಾರುಗಳಿಂದ ಚಿಕ್ಕ ಮಕ್ಕಳಿಗೆ ಕೇಳುತ್ತ ಬಂದಿರುವ ಪ್ರಶ್ನೆಯೊಂದಿದೆ. ದೇವರು ಮನುಷ್ಯನನ್ನು ಏಕೆ ಸೃಷ್ಟಿಸಿದರು ಎಂಬುದೇ ಆ ಪ್ರಶ್ನೆ. ದೊಡ್ಡವರೂ ತಡವರಿಸುವ ಈ ಪ್ರಶ್ನೆಗೆ ಜ್ಞಾನೋಪದೇಶದ ತರಗತಿಯ ಮಕ್ಕಳು ಬಾಯಿಪಾಠ ಮಾಡಿದ ಉತ್ತರ ಹೇಳುತ್ತಾರೆ.

ಕಥೋಲಿಕರ ಆ ಉತ್ತರದಲ್ಲಿ ಮೂರು ಕ್ರಿಯೆಗಳಿವೆ: ದೇವರನ್ನು ಅರಿಯುವುದು, ಪ್ರೀತಿಸುವುದು, ಸೇವಿಸುವುದು. ಈ ಮೂರರ ಫಲ, ಕೊನೆಗೆ ದೇವರೊಡನೆ ನಿತ್ಯಾನಂದದಲ್ಲಿ ಇರುವುದು. 17ನೇ ಶತಮಾನದ ನಡುವೆ ಬ್ರಿಟನ್ನಿನ ಪ್ರಾಟೆಸ್ಟೆಂಟರು ರಚಿಸಿದ ಪ್ರಶ್ನೋತ್ತರಮಾಲೆಯೂ ಇದೇ ಪ್ರಶ್ನೆಯಿಂದ ಆರಂಭವಾಗುತ್ತದೆ. ದೇವರ ಮಹಿಮೆಯನ್ನು ಮೆರೆಸಿ ಅವರಲ್ಲೇ ಆನಂದಿಸುವುದು ಮನುಷ್ಯನ ಪರಮ ಗುರಿ ಎಂಬುದು ಅದರ ಸಾರ. ಪಂಗಡ ಬೇರೆಯಾದರೂ ತಾತ್ಪರ್ಯ ಒಂದೇ.

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳನ್ನು ಕೇಳಿ ಬೆಳೆದ ನಮಗೆ ಇದು ತೀರ ಅಪರಿಚಿತವಲ್ಲ. ಆದರೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಮೊದಲನೆಯದು, ಕ್ರೈಸ್ತರ ದೃಷ್ಟಿಯಲ್ಲಿ ಹುಟ್ಟು ಹಿಂದಿನ ಕರ್ಮದ ಫಲವಲ್ಲ. ಕೇಳದೆ ಬಂದ ಕೊಡುಗೆ. ಅದು ಒಂದೇ ಸಲ ಬರುತ್ತದೆ. ಈ ಜನ್ಮದಲ್ಲಿ ಆಗದ್ದನ್ನು ಮುಂದಿನದರಲ್ಲಿ ಮಾಡೋಣವೆನ್ನುವ ಅವಕಾಶವಿಲ್ಲ. ಎರಡನೆಯದು, ಕೊನೆಯ ಗುರಿ ದೇವರಲ್ಲಿ ಕರಗಿ ಒಂದಾಗುವುದಲ್ಲ. ದೇವರು ದೇವರಾಗಿಯೇ ಮನುಷ್ಯ ಮನುಷ್ಯನಾಗಿಯೇ ಉಳಿದು, ಪ್ರೀತಿಯಲ್ಲಿ ಒಟ್ಟಿಗಿರುವುದು. ಈ ಒಂದು ಅಂಶದಲ್ಲಿ ಇದು ಅದ್ವೈತಕ್ಕಿಂತ ದ್ವೈತದ ಮಾತಿಗೆ ಹತ್ತಿರ.

ಅರಿಯುವುದು, ಪ್ರೀತಿಸುವುದು ಸರಿ. ಆದರೆ ಯಾವ ಕೊರತೆಯೂ ಇಲ್ಲದ ದೇವರನ್ನು ಸೇವಿಸುವುದು ಹೇಗೆ? ಇದಕ್ಕೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಉತ್ತರ ಕೊಡುತ್ತದೆ. ಅಲ್ಲಿ ಕೊನೆಯ ತೀರ್ಪಿನ ದಿನ ಕೇಳುವುದು ವಿದ್ಯೆ, ಪದವಿ, ಸಂಪತ್ತುಗಳ ಲೆಕ್ಕವನ್ನಲ್ಲ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿರುವವರ ಭೇಟಿ, ಇಷ್ಟೇ. ಅವರಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಕ್ರಿಸ್ತ ಹೇಳುತ್ತಾನೆ. ಅಂದರೆ ದೇವರು ನಿಂತಿರುವುದು ಕೊಡುವ ಕೈಯ ಕಡೆಯಲ್ಲಿ ಅಲ್ಲ, ಬೇಡುವ ಕೈಯ ಕಡೆಯಲ್ಲಿ.

ಈ ಮಾತು ನೆಲಕ್ಕಿಳಿದ ಬಗೆಯನ್ನು ನೋಡಲು ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಹೋಗಬೇಕು. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ವೆಸ್ಲಿಯನ್ ಮಿಷನ್ 1906ರಲ್ಲಿ ಆರಂಭಿಸಿತು. ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಹಿಳೆಯ ನೆನಪಿಗಾಗಿ ಕಟ್ಟಿದ ಆಸ್ಪತ್ರೆಯಿದು. 1934ರಿಂದ ಇಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಲಾಯಿತು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಅದರಿಂದ ಹೆಸರು ಬರುವಂತಿರಲಿಲ್ಲ.

ಸುಮಾರು ಅರುವತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯ ವೈದ್ಯರ ಜೊತೆಗೂಡಿ ಆ ಪುಸ್ತಕಗಳನ್ನು ತೆರೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂಬ ಅವರ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭಿಣಿಯ ಪೋಷಣೆಗೂ ಮಗುವಿನ ಮುಂದಿನ ಆರೋಗ್ಯಕ್ಕೂ ಇರುವ ನಂಟಿನ ಅಧ್ಯಯನದಲ್ಲಿ ಮೈಸೂರಿನ ಹೆಸರು ಜಗತ್ತಿಗೆಲ್ಲ ಪರಿಚಯವಾದದ್ದು ಹೀಗೆ. 1934ರಲ್ಲಿ ತಕ್ಕಡಿ ಹಿಡಿದಿದ್ದ ಕೈಗಳಿಗೆ ಇದರ ಸುಳಿವೂ ಇರಲಿಲ್ಲ. ತನ್ನ ಕೆಲಸದ ಫಲ ತನಗೇ ಕಾಣಬೇಕಾಗಿಲ್ಲ. ಪಾಲಿಗೆ ಬಂದದ್ದನ್ನು ನಿಷ್ಠೆಯಿಂದ ಮಾಡಿದರೆ ಸಾಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನೊಂದು ಉದಾಹರಣೆ ಇದಕ್ಕಿಂತ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಮೈಸೂರು ಸೀಮೆಗೆ ಬಂದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎನ್ನುತ್ತಿದ್ದರು. ಅವರು ಬಂದದ್ದು ಧರ್ಮಪ್ರಚಾರಕ್ಕೆ. ಆದರೆ ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ, ಈ ದೇಶದಲ್ಲಿ ಆ ಕೆಲಸ ಕೈಗೂಡದೆಂದು ಬಹಿರಂಗವಾಗಿ ಬರೆದು 1823ರಲ್ಲಿ ಹಿಂತಿರುಗಿದರು. ಹಿಂದೂಗಳ ಆಚಾರ ವಿಚಾರಗಳ ಕುರಿತ ಅವರ ಪ್ರಸಿದ್ಧ ಗ್ರಂಥದಲ್ಲಿ ಪೂರ್ವಗ್ರಹಗಳಿಗೆ ಕಡಿಮೆಯಿಲ್ಲ. ಅದರ ಬಹುಭಾಗ ಅವರಿಗಿಂತ ಹಿಂದಿನ ಜೆಸ್ವಿತ್ ಪಾದ್ರಿ ಕೂರ್ದು ಅವರ ಬರಹದಿಂದ ಬಂದದ್ದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ತೋರಿಸಿದರು. ಹಿಡಿದ ಗುರಿ ತಪ್ಪಿತು, ಗಳಿಸಿದ ಕೀರ್ತಿಯೂ ಸವೆಯಿತು. ಉಳಿದದ್ದು ಬೇರೆಯದೇ. 1803-04ರ ಸುಮಾರಿಗೆ, ಸಿಡುಬಿನ ಹೊಸ ಚುಚ್ಚುಮದ್ದಿಗೆ ಜನ ಹೆದರುತ್ತಿದ್ದಾಗ, ಅವರು 25 ಸಾವಿರಕ್ಕೂ ಹೆಚ್ಚು ಮಂದಿಗೆ ಅದನ್ನು ಹಾಕಿಸಲು ಶ್ರಮಿಸಿದ್ದರು.

ಇಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಸಂಶಯ ಏಳುವುದು ಸಹಜ. ಈ ಸೇವೆಯೆಲ್ಲ ಮತಾಂತರದ ಸಾಧನವಾಗಿರಲಿಲ್ಲವೇ? ಮಿಷನರಿಗಳಿಗೆ ಆ ಉದ್ದೇಶ ಇದ್ದದ್ದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದನ್ನು ಅಳೆಯುವ ಕೋಲು ಅವರ ಸುವಾರ್ತೆಯಲ್ಲೇ ಇದೆ. ತೀರ್ಪಿನ ದಿನದ ಆ ದೃಶ್ಯದಲ್ಲಿ ಮೆಚ್ಚುಗೆ ಪಡೆದವರು ತಾವು ಯಾವಾಗ ದೇವರಿಗೆ ಉಪಚಾರ ಮಾಡಿದೆವೆಂದು ಬೆರಗಾಗಿ ಕೇಳುತ್ತಾರೆ. ಅವರಿಗೆ ಗೊತ್ತೇ ಇರಲಿಲ್ಲ. ಪ್ರತಿಫಲದ ಎಣಿಕೆಯಿಂದ ಮಾಡಿದ್ದು, ಅದು ಪುಣ್ಯದ ಎಣಿಕೆಯಾದರೂ ಸರಿ, ಆ ಕೋಲಿನ ಅಳತೆಗೆ ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಸೇವೆಯೇ ಬದುಕಿನ ಗುರಿಯಾದರೆ, ಸೇವೆ ಮಾಡಲಾರದವರ ಗತಿ ಏನು? ಹಾಸಿಗೆ ಹಿಡಿದ ಮುದುಕರು, ಬುದ್ಧಿ ಬೆಳೆಯದ ಮಕ್ಕಳು, ಮಕ್ಕಳ ಹೆಸರನ್ನೂ ಮರೆತ ತಾಯಂದಿರು ಬದುಕಿಯೂ ಗುರಿ ತಪ್ಪಿದವರೇ? ಮನುಷ್ಯನ ಬೆಲೆಯನ್ನು ಉಪಯೋಗದಿಂದ ಕಟ್ಟುವ ಈ ಕಾಲದಲ್ಲಿ ಅನೇಕ ಮನೆಗಳಲ್ಲಿ ಬಾಯಿಬಿಟ್ಟು ಆಡದ ಪ್ರಶ್ನೆಯಿದು. ಕ್ರೈಸ್ತ ಉತ್ತರ ಸ್ಪಷ್ಟ. ಮನುಷ್ಯ ದೇವರ ಪ್ರತಿರೂಪವಾಗಿರುವುದು ಹುಟ್ಟಿನಿಂದ, ದುಡಿಮೆಯಿಂದಲ್ಲ. ಪ್ರೀತಿಗೆ ಪಾತ್ರನಾಗುವುದೇ ಮೊದಲು, ಮಾಡುವುದೆಲ್ಲ ಆಮೇಲೆ. ಅಷ್ಟೇ ಅಲ್ಲ, ಮತ್ತಾಯನ ಲೆಕ್ಕದಲ್ಲಿ ಹಾಸಿಗೆಯ ಮೇಲಿರುವ ರೋಗಿಯೇ ಕ್ರಿಸ್ತನ ಸ್ಥಾನದಲ್ಲಿರುವವನು. ಆದ್ದರಿಂದ ಅಲ್ಲಿ ಹೊರೆ ಎನಿಸಿಕೊಳ್ಳಬೇಕಾದವರು ಯಾರೂ ಇಲ್ಲ.

ಮತ್ತೆ ಅಶೋಕ ರಸ್ತೆಗೆ ಬರೋಣ. ಈ ಚರ್ಚಿಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ದೇವರ ಕರುಣೆ, ಮನುಷ್ಯರ ಕೃತಜ್ಞತೆ ಎಂಬ ಎರಡು ತಳಹದಿಗಳ ಮೇಲೆ ಇದು ನಿಲ್ಲುತ್ತದೆಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಕ್ರೈಸ್ತರಲ್ಲದ ಅರಸರು ಕ್ರೈಸ್ತರ ಉತ್ತರದ ತಿರುಳನ್ನೇ ಹೇಳಿದ್ದರು: ಬದುಕು ಕೊಡುಗೆ, ಅದಕ್ಕೆ ತಕ್ಕ ಉತ್ತರ ಕೃತಜ್ಞತೆ.

ಗೋಪುರ ನೋಡಿದವರು ಕೆಳಗಿನ ನೆಲಮಾಳಿಗೆಗೂ ಇಳಿಯಬೇಕು. ಅಲ್ಲಿ ಮಲಗಿದ ಭಂಗಿಯಲ್ಲಿರುವ ಫಿಲೋಮಿನಾಳ ಪ್ರತಿಮೆಯಿದೆ. 1802ರಲ್ಲಿ ರೋಮಿನ ಹಳೆಯ ಸಮಾಧಿಯೊಂದರಲ್ಲಿ ಹೆಸರೂ ಅಸ್ಥಿಯೂ ಸಿಕ್ಕವು. ಆಕೆಯ ಬದುಕಿನ ಬಗ್ಗೆ ಇತಿಹಾಸಕ್ಕೆ ಖಚಿತವಾಗಿ ತಿಳಿದದ್ದು ಬಹುಮಟ್ಟಿಗೆ ಅಷ್ಟೇ. ಆಕೆ ಏನು ಸಾಧಿಸಿದಳೆಂದು ಹೇಳಬಲ್ಲವರಿಲ್ಲ. ಆ ಎರಡು ಗೋಪುರಗಳು ನಿಂತಿರುವುದು ಆಕೆಯ ಹೆಸರಿನಲ್ಲಿ.