ತಿಳಿನೀರಿನಲ್ಲಿ ಹುಟ್ಟುವ ಡೆಂಗಿ

ಡೆಂಗಿ ಸೊಳ್ಳೆಯು ಕೊಳಚೆಯಲ್ಲಿ ಹುಟ್ಟುತ್ತದೆಂಬುದು ಬಹುಜನರ ನಂಬಿಕೆ. ವಾಸ್ತವವಾಗಿ ಈ ವೈರಾಣುವನ್ನು ಹರಡುವ ಈಡಿಸ್ ಸೊಳ್ಳೆಯು ನಾವು ಬಳಕೆಗೆಂದು ಕೂಡಿಟ್ಟ ತಿಳಿನೀರಿನಲ್ಲಿಯೇ ವೃದ್ಧಿಯಾಗುತ್ತದೆ, ಹಗಲಿನಲ್ಲಿ ಕಚ್ಚುತ್ತದೆ.

2024ರ ಸೆಪ್ಟೆಂಬರ್ ಆರಂಭದ ವೇಳೆಗೆ ರಾಜ್ಯದಲ್ಲಿ 25,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಅರ್ಧಕ್ಕೆ ಸಮೀಪದಷ್ಟು ಬೆಂಗಳೂರಿನವು. ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಗೆ ಎಡೆಗೊಡುವ ನಗರದ ಮನೆಗಳಿಗೆ 400 ರೂಪಾಯಿ, ನಿರ್ಮಾಣ ಸ್ಥಳಗಳಿಗೆ 2,000 ರೂಪಾಯಿ ದಂಡ ನಿಗದಿಪಡಿಸಿತು.

ನಗರದಂಚಿನ ಬಡಾವಣೆಗಳಲ್ಲಿ ಅಪಾಯವು ಹೆಚ್ಚಲು ಕಾರಣಗಳು ಸ್ಪಷ್ಟ. ವೈಟ್‌ಫೀಲ್ಡ್ ಸುತ್ತ ಟ್ಯಾಂಕರ್ ನೀರನ್ನು ಡ್ರಮ್ಮು, ಸಂಪುಗಳಲ್ಲಿ ದಿನಗಟ್ಟಲೆ ಇಡಬೇಕಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕಡೆ ಕಟ್ಟುತ್ತಿರುವ ಮನೆಗಳ ತೊಟ್ಟಿ, ಲಿಫ್ಟಿನ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಪೀಣ್ಯದಲ್ಲಿ ಗುಜರಿ, ಹಳೆಯ ಟೈರು, ಖಾಲಿ ಬ್ಯಾರೆಲ್‌ಗಳು ಮಳೆನೀರನ್ನು ಹಿಡಿದಿಡುತ್ತವೆ. ಈ ಮೂರು ಕಡೆಯೂ ರಾತ್ರಿ ಪಾಳಿ ಮುಗಿಸಿದವರು ಹಗಲಿನಲ್ಲಿ ಮಲಗುತ್ತಾರೆ. ಸೊಳ್ಳೆಪರದೆ ರಾತ್ರಿಗಷ್ಟೇ ಎಂಬ ಭಾವನೆ ಇವರಿಗೆ ಮುಳುವಾಗುತ್ತದೆ.

ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಪಾತ್ರೆಯ ಗೋಡೆಗಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಭಾಗವನ್ನು ಉಜ್ಜಿ ತೊಳೆದು ಮುಚ್ಚಳವಿಡಬೇಕು.

ತೀವ್ರ ಜ್ವರ, ಕಣ್ಣಿನ ಹಿಂಭಾಗದ ನೋವು, ಕೀಲುನೋವು ಇದರ ಲಕ್ಷಣಗಳು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿದಾಗ ಗುಣವಾಯಿತೆಂದು ಮೈಮರೆಯಬಾರದು. ರೋಗ ಉಲ್ಬಣಿಸುವುದು ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವೈರಾಣುವಿನಲ್ಲಿ ನಾಲ್ಕು ಬಗೆಗಳಿರುವುದರಿಂದ ಒಮ್ಮೆ ಬಂದವರಿಗೆ ಮತ್ತೊಮ್ಮೆ ಬರಬಹುದು. ಎರಡನೆಯ ಸಲ ತೀವ್ರವಾಗುವ ಸಂಭವ ಹೆಚ್ಚು. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳು ರಕ್ತಸ್ರಾವಕ್ಕೆ ದಾರಿಮಾಡುವುದರಿಂದ ವರ್ಜ್ಯ.

ಪರಂಗಿ ಎಲೆಯ ರಸ, ಅಮೃತಬಳ್ಳಿಯ ಕಷಾಯ ಸಾಲದೇ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಆಯುರ್ವೇದವನ್ನೇ ವೃತ್ತಿಯಾಗಿ ನಂಬಿದ ನಾವು ಹೇಳುವುದಿಷ್ಟೇ: ಅವು ರಕ್ತಪರೀಕ್ಷೆಗೂ ಆಸ್ಪತ್ರೆಯ ಆರೈಕೆಗೂ ಬದಲಿಯಲ್ಲ. ಗಂಜಿ, ಎಳನೀರು, ವಿಶ್ರಾಂತಿ ಪಥ್ಯಕರ.

ಸೋಮವಾರದ ಪೂಜೆಗೆ ಮನೆಯನ್ನು ಶುಚಿಗೊಳಿಸುವ ನಾವು, ಅದರೊಡನೆ ನೀರಿನ ಡ್ರಮ್ಮನ್ನೂ ಉಜ್ಜೋಣ. ಕಾರ್ಮಿಕರಿಗೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿರುವ ಭಕ್ತರು ಅಲ್ಲಿನ ತೊಟ್ಟಿಗೂ ಮುಚ್ಚಳ ಹಾಕಿಸಲಿ. ಅಲ್ಲಿ ಹುಟ್ಟಿದ ಸೊಳ್ಳೆ ನಮ್ಮ ಮನೆಗೂ ಬರುತ್ತದೆ.