ಮಂಕಾಗಲು ಕಲಿತ ವಿದ್ಯುದ್ದೀಪ

ಎಣ್ಣೆ ದೀಪಕ್ಕೆ ಬತ್ತಿಯಿತ್ತು, ಲಾಟೀನಿಗೆ ತಿರುಗಿಸುವ ಕಿವಿಯಿತ್ತು, ಅನಿಲ ದೀಪಕ್ಕೆ ನಲ್ಲಿಯಿತ್ತು. ಬೆಳಕನ್ನು ಬೇಕಾದಷ್ಟು ಏರಿಸುವುದು, ಸಾಕೆನಿಸಿದಾಗ ಇಳಿಸುವುದು ಮನುಷ್ಯನಿಗೆ ಹೊಸ ವಿದ್ಯೆಯೇನಲ್ಲ. 1880ರ ಸುಮಾರಿಗೆ ಬಳಕೆಗೆ ಬಂದ ವಿದ್ಯುತ್ ಬಲ್ಬು ಹೊಗೆಯನ್ನೂ ವಾಸನೆಯನ್ನೂ ಕಳೆಯಿತು. ಬೆಂಕಿಯ ಭಯವನ್ನು ಬಹುಮಟ್ಟಿಗೆ ತಗ್ಗಿಸಿತು. ಆದರೆ ಅದರೊಂದಿಗೆ ಈ ಹಳೆಯ ಅನುಕೂಲವೂ ಕೈತಪ್ಪಿತು. ಸ್ವಿಚ್ಚು ಹಾಕಿದರೆ ಪೂರ್ಣ ಬೆಳಕು, ತೆಗೆದರೆ ಪೂರ್ಣ ಕತ್ತಲೆ. ಇವೆರಡರ ನಡುವಿನ ಮಬ್ಬನ್ನು ಅಗ್ಗವಾಗಿ, ಹೆಚ್ಚು ನಷ್ಟವಿಲ್ಲದೆ ಮರಳಿ ಪಡೆಯಲು ಹತ್ತಿರ ಹತ್ತಿರ ಎಂಬತ್ತು ವರ್ಷ ಬೇಕಾಯಿತು. ಆ ಅವಧಿಯಲ್ಲಿ ಬಂದ ಸಾಧನಗಳನ್ನು ಇಂದಿನ ಕಣ್ಣಿನಿಂದ ನೋಡಿದರೆ ಕೆಲವು ಒರಟಾಗಿ, ಕೆಲವು ಅಪಾಯಕಾರಿಯಾಗಿ, ಹೆಚ್ಚಿನವು ದುಂದುಗಾರಿಕೆಯಾಗಿ ಕಾಣುತ್ತವೆ. ಆ ತೀರ್ಪು ಪೂರ್ತಿ ತಪ್ಪಲ್ಲ, ಪೂರ್ತಿ ನ್ಯಾಯವೂ ಅಲ್ಲ.

ಅನಿಲದಿಂದ ಬಂದ ಬೇಡಿಕೆ

ದೀಪವನ್ನು ಮಂಕುಗೊಳಿಸಬೇಕೆಂಬ ಒತ್ತಾಯ ಮೊದಲು ಬಂದದ್ದು ಮನೆಗಳಿಂದಲ್ಲ, ರಂಗಭೂಮಿಯಿಂದ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ದೊಡ್ಡ ರಂಗಮಂದಿರಗಳಲ್ಲಿ ಅನಿಲದ ಕೊಳವೆಗಳೆಲ್ಲ ವೇದಿಕೆಯ ಪಕ್ಕದ ಒಂದು ಹಲಗೆಗೆ ಬಂದು ಸೇರುತ್ತಿದ್ದವು. ಅಲ್ಲಿ ನಿಂತವನು ಒಂದು ನಲ್ಲಿಯನ್ನು ತಿರುಗಿಸಿ ಮುಸ್ಸಂಜೆ ತರಬಲ್ಲವನಾಗಿದ್ದ, ಇನ್ನೊಂದನ್ನು ತಿರುಗಿಸಿ ಬೆಳಗು ಮೂಡಿಸಬಲ್ಲವನಾಗಿದ್ದ. ಜರ್ಮನಿಯ ಬೈರಾಯ್ಟ್‌ನಲ್ಲಿ 1876ರಲ್ಲಿ ತೆರೆದ ಒಪೆರಾ ಮಂದಿರ ಪ್ರೇಕ್ಷಾಂಗಣವನ್ನೇ ಕತ್ತಲಾಗಿಸಿ ವೇದಿಕೆಯನ್ನು ಮಾತ್ರ ಬೆಳಗಿಸಿದ್ದು ಇದೇ ಅನಿಲದ ನೆರವಿನಿಂದ. ಹೀಗಾಗಿ ವಿದ್ಯುತ್ ಬಂದಾಗ ರಂಗಭೂಮಿಗೆ ಬೇಕಾದದ್ದು ಬರಿಯ ಪ್ರಖರ ಬೆಳಕಲ್ಲ. ಮಾತು ಕೇಳುವ ಬೆಳಕು.

ಅನಿಲವನ್ನು ಬಿಡಲು ಕಾರಣಗಳೂ ಬಲವಾಗಿದ್ದವು. 1881ರ ಅಕ್ಟೋಬರ್ 10ರಂದು ಲಂಡನ್ನಿನಲ್ಲಿ ಒಂದು ಹೊಸ ರಂಗಮಂದಿರದ ಪ್ರೇಕ್ಷಾಂಗಣ ವಿದ್ಯುದ್ದೀಪಗಳಲ್ಲಿ ಬೆಳಗಿತು. ಜನರೇಟರುಗಳ ಸಾಮರ್ಥ್ಯ ಸಾಲದೆ ವೇದಿಕೆಯಲ್ಲಿ ಇನ್ನೂ ಅನಿಲವೇ ಉರಿಯುತ್ತಿತ್ತು. ಅದೇ ಡಿಸೆಂಬರ್ 8ರಂದು ವಿಯೆನ್ನಾದ ಒಂದು ರಂಗಮಂದಿರದಲ್ಲಿ ಅನಿಲ ದೀಪ ಹೊತ್ತಿಸುವಾಗ ಬೆಂಕಿಯೆದ್ದು 380ಕ್ಕೂ ಹೆಚ್ಚು ಜನ ಸತ್ತರು. ಡಿಸೆಂಬರ್ 28ರಂದು ಲಂಡನ್ನಿನ ಆ ವೇದಿಕೆಗೂ ವಿದ್ಯುತ್ ಬಂತು. ಅಂದು ಅದರ ಮಾಲೀಕರು ಉರಿಯುವ ಬಲ್ಬೊಂದನ್ನು ಬಟ್ಟೆಯಲ್ಲಿ ಸುತ್ತಿ ಎಲ್ಲರೆದುರು ಒಡೆದು, ಬಟ್ಟೆಗೆ ಬೆಂಕಿ ತಗುಲಲಿಲ್ಲವೆಂಬುದನ್ನು ತೋರಿಸಿದರು.

ಆ ಮಂದಿರದಲ್ಲಿ ಸುಮಾರು 1,200 ಬಲ್ಬುಗಳಿದ್ದವು. ಅವುಗಳನ್ನು ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಂದು ಜನರೇಟರು ಕೊಡಲಾಗಿತ್ತು. ಬೆಳಕು ಇಳಿಸಲು ಅವರು ಆರಿಸಿದ ದಾರಿ ಜಾಣತನದ್ದು. ದೀಪಗಳಿಗೆ ಹೋಗುವ ದೊಡ್ಡ ಪ್ರವಾಹವನ್ನು ಮುಟ್ಟದೆ, ಜನರೇಟರಿನ ಕಾಂತಸುರುಳಿಗೆ ಹೋಗುವ ಸಣ್ಣ ಪ್ರವಾಹಕ್ಕೆ ಮಾತ್ರ ಹಂತ ಹಂತವಾಗಿ ತಡೆ ಒಡ್ಡಿದರು. ಕಾಂತಶಕ್ತಿ ತಗ್ಗಿದರೆ ವೋಲ್ಟೇಜ್ ತಗ್ಗುತ್ತದೆ, ವೋಲ್ಟೇಜ್ ತಗ್ಗಿದರೆ ತಂತುವಿನ ಹೊಳಪು ಇಳಿಯುತ್ತದೆ. ಹೀಗೆ ಮಾಡಿದಾಗ ವ್ಯರ್ಥವಾಗುವ ವಿದ್ಯುತ್ ತೀರ ಕಡಿಮೆ. ಮೊದಮೊದಲ ಪರಿಹಾರವೇ ಅದರ ನಂತರ ಬಂದ ಎಷ್ಟೋ ಪರಿಹಾರಗಳಿಗಿಂತ ಮಿತವ್ಯಯಿಯಾಗಿತ್ತು.

ಅದು ಉಳಿಯಲಿಲ್ಲ, ಏಕೆಂದರೆ ಅದಕ್ಕೆ ಮನೆಯಂಗಳದಲ್ಲಿ ಸ್ವಂತ ಜನರೇಟರು ಬೇಕಿತ್ತು. 1882ರಿಂದ ಲಂಡನ್, ನ್ಯೂಯಾರ್ಕ್ ನಗರಗಳಲ್ಲಿ ಸಾರ್ವಜನಿಕ ವಿದ್ಯುತ್ ಕೇಂದ್ರಗಳು ಶುರುವಾದವು. ಇಡೀ ಬೀದಿಗೆ ವಿದ್ಯುತ್ ಕೊಡುವ ಯಂತ್ರವನ್ನು ಒಂದು ನಾಟಕದ ಸೂರ್ಯಾಸ್ತಕ್ಕಾಗಿ ಕುಗ್ಗಿಸಲು ಬರುವುದಿಲ್ಲ. ವೋಲ್ಟೇಜ್ ಸ್ಥಿರವಾಗಿರುವುದೇ ಸಾರ್ವಜನಿಕ ಪೂರೈಕೆಯ ಗುಣ. ಅದನ್ನು ಬಳಕೆದಾರ ತನ್ನ ಜಾಗದಲ್ಲೇ ಕತ್ತರಿಸಿಕೊಳ್ಳಬೇಕು. ಮುಂದಿನ ಅರ್ಧ ಶತಮಾನ ಆ ಕತ್ತರಿಸುವ ಕೆಲಸವನ್ನು ಬಹುಪಾಲು ಮಾಡಿದ್ದು ರೋಧಕಗಳು.

ಉಪ್ಪುನೀರಿನ ಮಡಕೆ

ರೋಧಕಗಳಲ್ಲಿ ಅತ್ಯಂತ ಸರಳವಾದದ್ದು, ಅತ್ಯಂತ ಅಗ್ಗದ್ದು ನೀರು. ಮೆರುಗು ಕೊಟ್ಟ ಪಿಂಗಾಣಿ ಜಾಡಿ ಅಥವಾ ಚರಂಡಿಗೆ ಬಳಸುವ ಸುಟ್ಟ ಮಣ್ಣಿನ ಕೊಳವೆಯೊಂದರ ತಳ ಮುಚ್ಚಿ, ನೀರು ತುಂಬಿ, ಒಂದಿಷ್ಟು ಉಪ್ಪನ್ನೋ ಬಟ್ಟೆ ಸೋಡವನ್ನೋ ಕದಡಿದರೆ ಅರ್ಧ ಕೆಲಸ ಮುಗಿದಂತೆ. ತಳದಲ್ಲಿ ಒಂದು ಲೋಹದ ಫಲಕ ಸ್ಥಿರವಾಗಿರುತ್ತದೆ. ಇನ್ನೊಂದು ಹಗ್ಗ ಮತ್ತು ರಾಟೆಯಲ್ಲಿ ತೂಗುತ್ತದೆ. ದೀಪದ ತಂತಿ ಇವೆರಡರ ಮೂಲಕ ಹಾಯುತ್ತದೆ. ಮೇಲಿನ ಫಲಕ ಕೆಳಗಿಳಿದಂತೆ ನಡುವಿನ ನೀರು ಕಡಿಮೆಯಾಗಿ ದೀಪ ಹೊಳೆಯುತ್ತದೆ, ಮೇಲೇರಿದಂತೆ ಮಂಕಾಗುತ್ತದೆ. ಎರಡೂ ಒಂದನ್ನೊಂದು ಮುಟ್ಟಿದರೆ ಪೂರ್ಣ ಬೆಳಕು. ಫಲಕ ನೀರಿನಿಂದ ಹೊರಬಂದರೆ ಕತ್ತಲೆ.

ಇದರ ದೋಷಗಳನ್ನು ಹೇಳಹೊರಟರೆ ಸಾಲು ಉದ್ದವಾಗುತ್ತದೆ. ಉಪ್ಪು ಹೆಚ್ಚಾದರೆ ದೀಪ ಕೊನೆಯ ಗಳಿಗೆಯವರೆಗೂ ಇಳಿಯುವುದಿಲ್ಲ. ಕಡಿಮೆಯಾದರೆ ಏರಲು ಸತಾಯಿಸುತ್ತದೆ. ಪ್ರವಾಹ ಹರಿದಂತೆ ನೀರು ಬಿಸಿಯಾಗುತ್ತದೆ, ಬಿಸಿಯಾದಂತೆ ಅದರ ತಡೆ ಬದಲಾಗುತ್ತದೆ, ಹೊತ್ತು ಕಳೆದಂತೆ ಆವಿಯಾಗಿ ಮಟ್ಟ ಇಳಿಯುತ್ತದೆ. ನೇರ ಪ್ರವಾಹವಿದ್ದಲ್ಲಿ ವಿದ್ಯುದ್ವಿಭಜನೆ ನಡೆದು ಜಲಜನಕ ಹೊಮ್ಮುತ್ತದೆ. ಅಡುಗೆ ಉಪ್ಪು ಹಾಕಿದ್ದರೆ ಮೂಗಿಗೆ ಅಡರುವ ಕ್ಲೋರಿನ್ ಕೂಡ. ಎಲ್ಲಕ್ಕಿಂತ ಮಿಗಿಲಾಗಿ, ವಿದ್ಯುತ್ ಹರಿಯುವ ತೆರೆದ ನೀರು ಕತ್ತಲೆಯ ನೇಪಥ್ಯದಲ್ಲಿ ಜನ ಓಡಾಡುವ ಜಾಗದಲ್ಲಿರುತ್ತದೆ. ಹೀಗಿದ್ದೂ ಬ್ರಿಟನ್ನಿನ ರಂಗಮಂದಿರಗಳಲ್ಲಿ ಇದು ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಬಳಕೆಯಲ್ಲಿತ್ತು. ಭಾರತದ ಹವ್ಯಾಸಿ ರಂಗತಂಡಗಳಲ್ಲೂ ದುಡ್ಡಿಲ್ಲದಾಗ ನೆರವಿಗೆ ಬಂದದ್ದು ಉಪ್ಪುನೀರಿನ ಡಿಮ್ಮರೇ. ಅಗ್ಗವೆಂಬುದು ಒಂದೇ ಕಾರಣವಲ್ಲ. ನೀರಿಗೆ ಮೆಟ್ಟಿಲುಗಳಿಲ್ಲ. ಫಲಕ ಜಾರಿದಷ್ಟೇ ನಯವಾಗಿ ಬೆಳಕೂ ಜಾರುತ್ತದೆ. ಆ ನಯವನ್ನು ಮುಂದೆ ಬಂದ ಲೋಹದ ಡಿಮ್ಮರುಗಳು ಸುಲಭವಾಗಿ ಕೊಡಲಾಗಲಿಲ್ಲ.

ತಟ್ಟೆ, ಗುಂಡಿ, ಹಿಡಿಕೆ

ಲೋಹದ ಡಿಮ್ಮರಿನ ತತ್ತ್ವ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಗೋಡೆಯ ಮೇಲೆ ಭಾರವಾಗಿ ಕೂತು, ಮುಟ್ಟಿದರೆ ಬೆಚ್ಚಗಿರುತ್ತಿದ್ದ ಹಳೆಯ ಫ್ಯಾನ್ ರೆಗ್ಯುಲೇಟರನ್ನು ನೆನೆದರೆ ಸಾಕು. ಅದರೊಳಗೂ ತಡೆಯೊಡ್ಡುವ ತಂತಿಯ ಸುರುಳಿ, ಒಂದೊಂದು ಹಂತಕ್ಕೆ ಒಂದೊಂದು ಲೋಹದ ಗುಂಡಿ, ಗುಂಡಿಯಿಂದ ಗುಂಡಿಗೆ ಸರಿಯುವ ತೋಳು. ರಂಗಮಂದಿರದ ಡಿಮ್ಮರಿನಲ್ಲಿ ಇದೇ ವ್ಯವಸ್ಥೆ ದೊಡ್ಡ ಪ್ರಮಾಣದಲ್ಲಿತ್ತು. ಎರಕದ ಕಬ್ಬಿಣದ ತಟ್ಟೆಯ ಮೇಲೆ ತಂತಿಯನ್ನು ಎನಾಮೆಲ್‌ನಲ್ಲಿ ಹುದುಗಿಸಿ, ಅಂಚಿನುದ್ದಕ್ಕೂ ಹತ್ತಾರು ಗುಂಡಿಗಳನ್ನು ಜೋಡಿಸುತ್ತಿದ್ದರು. ಎನಾಮೆಲ್ ತಂತಿಯನ್ನು ಗಾಳಿಯಿಂದ ಕಾಪಾಡುತ್ತಿತ್ತು, ಕಬ್ಬಿಣ ಶಾಖವನ್ನು ಹೊರಚೆಲ್ಲುತ್ತಿತ್ತು. ಗುಂಡಿಗಳು ಹೆಚ್ಚಿದಷ್ಟೂ ಬೆಳಕಿನ ನೆಗೆತ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತಿತ್ತು.

ತೊಡಕು ಬೇರೆಡೆಯಿತ್ತು. ರೋಧಕ ಎಷ್ಟು ವೋಲ್ಟೇಜ್ ನುಂಗುತ್ತದೆ ಎಂಬುದು ಅದರ ಮೂಲಕ ಹರಿಯುವ ಪ್ರವಾಹವನ್ನು ಅವಲಂಬಿಸಿದೆ. ಆದ್ದರಿಂದ 1,000 ವ್ಯಾಟ್‌ಗೆಂದು ಮಾಡಿದ ತಟ್ಟೆಗೆ 250 ವ್ಯಾಟ್‌ನ ದೀಪ ಸಿಕ್ಕಿಸಿದರೆ, ಹಿಡಿಕೆಯನ್ನು ಕೊನೆಯವರೆಗೆ ಎಳೆದರೂ ದೀಪ ಆರುವುದಿಲ್ಲ. ಆಗ ಪ್ರೇಕ್ಷಕರಿಗೆ ಕಾಣದಂತೆ ನೇಪಥ್ಯದಲ್ಲಿ ಇನ್ನೊಂದು ದೀಪ ಹಚ್ಚಿ ಹೊರೆ ತುಂಬಿಸಬೇಕಿತ್ತು. ಬೆಳಕು ಕಡಿಮೆ ಮಾಡಲು ದೀಪ ಹೆಚ್ಚು ಹಚ್ಚುವ ಈ ವಿಚಿತ್ರ ಅಂದಿನ ಕೆಲಸಗಾರರಿಗೆ ದಿನನಿತ್ಯದ ಸಂಗತಿ.

ಕೆಲಸದ ರೀತಿಯೂ ಇದರಿಂದ ರೂಪುಗೊಂಡಿತು. ಒಂದೊಂದು ಸರ್ಕೀಟಿಗೂ ಒಂದೊಂದು ಹಿಡಿಕೆ. ಸಾಲು ಹಿಡಿಕೆಗಳನ್ನು ಒಂದೇ ದಂಡಕ್ಕೆ ಕೊಂಡಿ ಹಾಕಿ ಒಟ್ಟಿಗೆ ಎಳೆಯುವ ಏರ್ಪಾಟು ಇದ್ದರೂ, ಕೆಲವು ಏರುವಾಗ ಕೆಲವು ಇಳಿಯಬೇಕಾದ ದೃಶ್ಯಕ್ಕೆ ಹಲವರ ಕೈ ಬೇಕಾಗುತ್ತಿತ್ತು. ದಪ್ಪ ತಂತಿಗಳನ್ನು ದೂರ ಒಯ್ಯುವುದು ದುಬಾರಿಯಾದ್ದರಿಂದ ಈ ಹಲಗೆ ಇದ್ದದ್ದು ವೇದಿಕೆಯ ಪಕ್ಕದಲ್ಲೇ. ಬೆಳಕನ್ನು ಆಳುವವನಿಗೆ ಪ್ರೇಕ್ಷಕ ಕಾಣುವ ಚಿತ್ರ ಕಾಣುತ್ತಿರಲಿಲ್ಲ.

ಉಳಿತಾಯವೆಂಬ ನಂಬಿಕೆ

ದೀಪ ಮಂಕಾದರೆ ಖರ್ಚೂ ಅಷ್ಟೇ ಇಳಿಯುತ್ತದೆ ಎಂಬುದು ಸಹಜವಾದ ಊಹೆ. ಲೆಕ್ಕ ಬೇರೆಯೇ ಹೇಳುತ್ತದೆ. ತಂತುವಿನ ದೀಪದ ಬೆಳಕು ವೋಲ್ಟೇಜಿನ ಅನುಪಾತದಲ್ಲಿ ಇಳಿಯುವುದಿಲ್ಲ. ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ಟಂಗ್‌ಸ್ಟನ್ ಬಲ್ಬಿಗೆ ಅರ್ಧ ವೋಲ್ಟೇಜ್ ಕೊಟ್ಟರೆ ಬೆಳಕು ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಬಲ್ಬು ಆಗಲೂ ತನ್ನ ಪೂರ್ಣ ಶಕ್ತಿಯ ಮೂರನೆಯ ಒಂದು ಭಾಗವನ್ನು ಬಳಸುತ್ತಿರುತ್ತದೆ. ಉಳಿದರ್ಧ ವೋಲ್ಟೇಜನ್ನು ನುಂಗುವ ರೋಧಕ ಅಷ್ಟೇ ಶಕ್ತಿಯನ್ನು ಬರಿಯ ಶಾಖವಾಗಿ ಕಳೆಯುತ್ತದೆ. ಅಂದರೆ ಬೆಳಕು ಹತ್ತರಲ್ಲಿ ಒಂದಾದರೂ ಮೀಟರು ಮೂರರಲ್ಲಿ ಎರಡು ಭಾಗದಷ್ಟು ಓಡುತ್ತಲೇ ಇರುತ್ತದೆ. ಬಲ್ಬಿನ ಆಯುಷ್ಯ ಹೆಚ್ಚುತ್ತದೆ ಎಂಬುದು ನಿಜ, ಅದೂ ಅನೇಕ ಪಟ್ಟು. ಆದರೆ ಅದು ವಿದ್ಯುತ್ತಿನ ಉಳಿತಾಯವಲ್ಲ.

ಈ ಶಾಖ ಬರಿಯ ನಷ್ಟವಲ್ಲ, ಅಪಾಯವೂ ಹೌದು. ಪರದೆ, ಮರ, ಬಣ್ಣ ಬಳಿದ ಬಟ್ಟೆಗಳ ನಡುವೆ ಕಾದ ತಂತಿಗಳನ್ನಿಟ್ಟುಕೊಂಡು, ಬೆಂಕಿಯ ಭಯ ಹೋಯಿತೆಂದು ರಂಗಮಂದಿರಗಳು ಹೇಳಿಕೊಳ್ಳುವಂತಿರಲಿಲ್ಲ. ಅಮೆರಿಕದ ಕಪ್ಪುವರ್ಣೀಯ ಸಂಶೋಧಕರೊಬ್ಬರು 1896ರಲ್ಲಿ ಸುರಕ್ಷಿತ ಡಿಮ್ಮರ್ ವ್ಯವಸ್ಥೆಯೊಂದಕ್ಕೆ ಪೇಟೆಂಟ್ ಪಡೆದದ್ದು ಈ ಎರಡು ಕಾಯಿಲೆಗಳನ್ನು, ಅಂದರೆ ಬೆಂಕಿಯನ್ನೂ ದುಂದನ್ನೂ, ಒಟ್ಟಿಗೆ ಗುರಿಯಾಗಿಟ್ಟುಕೊಂಡು.

ಕಬ್ಬಿಣ ಮತ್ತು ಸುರುಳಿ

ಶಾಖವಿಲ್ಲದೆ ವೋಲ್ಟೇಜ್ ತಗ್ಗಿಸುವ ದಾರಿ ಪರ್ಯಾಯ ಪ್ರವಾಹದಲ್ಲಿತ್ತು. ಕಬ್ಬಿಣದ ತಿರುಳಿಗೆ ಸುತ್ತಿದ ಸುರುಳಿ, ಸದಾ ದಿಕ್ಕು ಬದಲಿಸುವ ಪ್ರವಾಹಕ್ಕೆ ತಾನಾಗಿ ಎದುರು ನಿಲ್ಲುತ್ತದೆ. ಹಾಗೆ ನಿಲ್ಲುವಾಗ ಶಕ್ತಿಯನ್ನು ಹೆಚ್ಚು ಸುಡುವುದಿಲ್ಲ. ತಿರುಳನ್ನು ಒಳಗೆ ಹೊರಗೆ ಸರಿಸಿದರೆ ಬೆಳಕು ಏರಿಳಿಯುತ್ತದೆ. ಇನ್ನೊಂದು ದಾರಿ, ಒಂದೇ ಸುರುಳಿಯ ಬೇರೆ ಬೇರೆ ಕಡೆಗಳಿಂದ ಬೇಕಾದ ವೋಲ್ಟೇಜ್ ಎತ್ತಿಕೊಳ್ಳುವ ಆಟೋ ಟ್ರಾನ್ಸ್‌ಫಾರ್ಮರ್. ಹೊರೆ ದೊಡ್ಡದಿರಲಿ ಸಣ್ಣದಿರಲಿ ಇದು ಒಂದೇ ರೀತಿ ನಡೆದುಕೊಳ್ಳುತ್ತಿತ್ತು. ನೇಪಥ್ಯದ ಸುಳ್ಳು ದೀಪ ಬೇಕಿರಲಿಲ್ಲ. ಭಾರ ಮಾತ್ರ ವಿಪರೀತ. ಜೊತೆಗೆ ಇವೆರಡೂ ನೇರ ಪ್ರವಾಹದಲ್ಲಿ ಕೆಲಸಕ್ಕೆ ಬಾರದವು. ದೊಡ್ಡ ನಗರಗಳ ಹಳೆಯ ಬಡಾವಣೆಗಳಲ್ಲಿ ನೇರ ಪ್ರವಾಹ ಹಟ ಹಿಡಿದು ಉಳಿದಿತ್ತು. ನ್ಯೂಯಾರ್ಕಿನಲ್ಲಿ ಅದರ ಕೊನೆಯ ಪೂರೈಕೆ ನಿಂತದ್ದು 2007ರಲ್ಲಿ. ರೋಧಕ ಡಿಮ್ಮರುಗಳ ದೀರ್ಘಾಯುಷ್ಯಕ್ಕೆ ಸೋಮಾರಿತನಕ್ಕಿಂತ ಇದು ದೊಡ್ಡ ಕಾರಣ.

ನಿಜವಾದ ತಿರುವು ಬಂದದ್ದು ಕಬ್ಬಿಣವನ್ನು ಕೈಯಿಂದ ಸರಿಸುವ ಬದಲು ವಿದ್ಯುತ್ತಿನಿಂದಲೇ ಆಳಲು ಕಲಿತಾಗ. ತಿರುಳಿನ ಮೇಲಿನ ಇನ್ನೊಂದು ಸುರುಳಿಗೆ ಸಣ್ಣ ನೇರ ಪ್ರವಾಹ ಹರಿಸಿ ಕಬ್ಬಿಣವನ್ನು ಕಾಂತಶಕ್ತಿಯಿಂದ ತುಂಬಿಸಿಬಿಟ್ಟರೆ ಅದರ ತಡೆ ಬಿದ್ದುಹೋಗುತ್ತದೆ. ಹೀಗೆ ಬೆರಳಿನಿಂದ ತಿರುಗಿಸುವ ಚಿಕ್ಕ ಗುಂಡಿ ಸಾವಿರಾರು ವ್ಯಾಟ್‌ಗಳನ್ನು ದೂರದಿಂದ ಆಳಬಲ್ಲದ್ದಾಯಿತು. 1932ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಬೃಹತ್ ಸಭಾಂಗಣ ಈ ಬಗೆಯ ನಿಯಂತ್ರಣಕ್ಕೆ ಹೆಸರಾಯಿತು. 1947ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಅನಿಲ ತುಂಬಿದ ಥೈರಾಟ್ರಾನ್ ಕೊಳವೆಗಳ ಡಿಮ್ಮರ್ ಸಿದ್ಧವಾಯಿತು. ದೃಶ್ಯಗಳ ಬೆಳಕನ್ನು ಮೊದಲೇ ಹೊಂದಿಸಿಟ್ಟುಕೊಂಡು, ಪ್ರೇಕ್ಷಕರ ಕಡೆಯಿಂದಲೇ ನೋಡುತ್ತ ನಡೆಸುವುದು ಸಾಧ್ಯವಾಯಿತು. ಹಿಡಿಕೆ ಎಳೆಯುವವನ ಜಾಗಕ್ಕೆ ಬೆಳಕಿನ ವಿನ್ಯಾಸಕ ಬಂದದ್ದರಲ್ಲಿ ಕಲೆಯ ಪಾಲು ಎಷ್ಟಿದೆಯೋ ಈ ತಂತಿಯ ಪಾಲೂ ಅಷ್ಟಿದೆ.

ಮನೆಗೆ ತಡವಾಗಿ

ಮನೆಗಳು ಇಷ್ಟು ಹೊತ್ತು ಕಾಯುತ್ತಲೇ ಇದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಒಂದೇ ಬುರುಡೆಯೊಳಗೆ ದೊಡ್ಡದೊಂದು, ಚಿಕ್ಕದೊಂದು ತಂತು ಇರುವ ಬಲ್ಬುಗಳು ಮಾರಾಟಕ್ಕೆ ಬಂದವು. ಮಲಗುವಾಗ ದಾರ ಎಳೆದರೆ ಚಿಕ್ಕ ಬೆಳಕು. ಸರಪಳಿ ಎಳೆದು ಹಂತ ಹಂತವಾಗಿ ಇಳಿಸುವ ಹೋಲ್ಡರುಗಳೂ ಇದ್ದವು. ಗೋಡೆಯ ಸ್ವಿಚ್ಚಿನ ಪೆಟ್ಟಿಗೆಯಲ್ಲೇ ಅಡಗುವ ಡಿಮ್ಮರ್ ಸಾಧ್ಯವಾದದ್ದು ಸಿಲಿಕಾನ್‌ನ ಥೈರಿಸ್ಟರ್ ಬಂದ ಮೇಲೆ, 1960ರ ಆಸುಪಾಸಿನಲ್ಲಿ. ಅದು ವೋಲ್ಟೇಜನ್ನು ತಗ್ಗಿಸುವುದಿಲ್ಲ. ಸೆಕೆಂಡಿಗೆ 50 ಆವರ್ತನದ ಪ್ರವಾಹವಾದರೆ ಸೆಕೆಂಡಿಗೆ ನೂರು ಬಾರಿ ಅಲೆಯ ಒಂದು ತುಂಡನ್ನು ಕತ್ತರಿಸಿ ಹಾಕುತ್ತದೆ. ಕಾದ ತಂತುವಿಗೆ ತಣ್ಣಗಾಗಲು ಅಷ್ಟು ಬಿಡುವು ಸಾಲದಾದ್ದರಿಂದ ಕಣ್ಣಿಗೆ ಮಿನುಗು ತಿಳಿಯುವುದಿಲ್ಲ. ನಮ್ಮ ಫ್ಯಾನಿನ ಭಾರದ ರೆಗ್ಯುಲೇಟರನ್ನು ಮೂಲೆಗೆ ತಳ್ಳಿದ ಹಗುರ ಎಲೆಕ್ಟ್ರಾನಿಕ್ ಗುಂಡಿ ಇದೇ ವಂಶದ್ದು.

ತೂಗಿ ನೋಡಿದರೆ

ವಿದ್ಯುತ್ತನ್ನು ಒಪ್ಪದವರೂ ಇದ್ದರು, ಅವರು ಮೂಢರಾಗಿರಲಿಲ್ಲ. ಲಂಡನ್ನಿನ ಖ್ಯಾತ ನಟ-ವ್ಯವಸ್ಥಾಪಕರೊಬ್ಬರು ತಮ್ಮ ಮಂದಿರಕ್ಕೆ ಬಂದ ವಿದ್ಯುದ್ದೀಪ ತೆಗೆಸಿ ಮತ್ತೆ ಅನಿಲವನ್ನೇ ತಂದರು. ಅದರ ಮೃದುತ್ವ ಬಲ್ಬಿಗಿಲ್ಲ ಎಂಬುದು ಅವರ ಬಳಗದ ಅಭಿಪ್ರಾಯ. ಕುತೂಹಲದ ಸಂಗತಿಯೆಂದರೆ, ಶತಮಾನದ ನಂತರ ಅದೇ ವಾದ ಬಲ್ಬಿನ ಪರವಾಗಿ ಕೇಳಿಬಂತು. 2018ರಲ್ಲಿ ಯುರೋಪಿನ ಹೊಸ ಇಂಧನ ನಿಯಮಗಳು ರಂಗಭೂಮಿಯ ಟಂಗ್‌ಸ್ಟನ್ ದೀಪಗಳಿಗೂ ಅನ್ವಯವಾಗುವ ಸೂಚನೆ ಬಂದಾಗ ಬೆಳಕಿನ ವಿನ್ಯಾಸಕರು ಪ್ರತಿಭಟಿಸಿದರು, ವಿನಾಯಿತಿಯೂ ದೊರೆಯಿತು. ಮಂಕಾಗುತ್ತ ಕೆಂಪಾಗುವುದು ತಂತುವಿನ ಸ್ವಭಾವ. ಎಲ್‌ಇಡಿ ಹಾಗಲ್ಲ, ಅದರ ಬೆಳಕು ಇಳಿದರೂ ಬಣ್ಣ ಹೆಚ್ಚುಕಡಿಮೆ ಅದೇ ಇರುತ್ತದೆ, ಕೆಂಪನ್ನು ಬೇರೆ ಎಲ್‌ಇಡಿಗಳಿಂದ ಬೆರೆಸಿ ತರಬೇಕು.

ವಿದ್ಯುತ್ತಿನ ಲೆಕ್ಕದಲ್ಲಿ ಎಲ್‌ಇಡಿಯ ಗೆಲುವು ಪ್ರಶ್ನಾತೀತ. ಮಂಕಾದಷ್ಟೂ ಬಳಕೆಯೂ ಇಳಿಯುವ ದೀಪ ಕೊನೆಗೂ ಬಂದಿದೆ. ರೋಧಕದ ಕಾಲದ ನಂಬಿಕೆ ಈಗಷ್ಟೇ ನಿಜವಾಗಿದೆ. ಆದರೆ ದೀಪದ ಗುಣವನ್ನು ಅದರ ಪೂರ್ಣ ಬೆಳಕಿನಲ್ಲಿ ಮಾತ್ರ ಅಳೆಯುವ ಪದ್ಧತಿ ಸಾಲದು. ಅಗ್ಗದ ಎಲ್‌ಇಡಿ ದೀಪಗಳು ಎಡವುವುದು ಕೊನೆಯ ಹತ್ತು ಶೇಕಡದಲ್ಲಿ: ಅಲ್ಲಿ ಬೆಳಕು ಜಾರುವ ಬದಲು ಮೆಟ್ಟಿಲಿಳಿಯುತ್ತದೆ, ಕೆಲವೊಮ್ಮೆ ಥಟ್ಟನೆ ಆರುತ್ತದೆ. ನಾಟಕದ ಬಹುಪಾಲು ಮುಸ್ಸಂಜೆಗಳು ಇರುವುದೂ ಅಲ್ಲೇ. ನಮ್ಮ ಜಿಲ್ಲಾ ರಂಗಮಂದಿರಗಳಿಗೆ ಹೊಸ ದೀಪ ಕೊಳ್ಳುವವರು ಟೆಂಡರಿನಲ್ಲಿ ವ್ಯಾಟ್ ಮತ್ತು ಬೆಲೆಯ ಜೊತೆಗೆ ಆ ಕೊನೆಯ ಹತ್ತು ಶೇಕಡದ ಪರೀಕ್ಷೆಯನ್ನೂ ಸೇರಿಸುವುದು ಒಳಿತು. ದೀಪವನ್ನು ವೇದಿಕೆಯಲ್ಲಿ ಹಚ್ಚಿ, ನಿಧಾನವಾಗಿ ಇಳಿಸಿ, ಕುರ್ಚಿಯಲ್ಲಿ ಕೂತು ನೋಡಿದರೆ ಆ ಪರೀಕ್ಷೆ ಮುಗಿಯುತ್ತದೆ.