ಸುಂಕದ ಕಟ್ಟೆಯಿಂದ ಎದ್ದವರು
(ಸೆಪ್ಟೆಂಬರ್ 21: ಪ್ರೇಷಿತ ಸಂತ ಮತ್ತಾಯರ ಹಬ್ಬ)



'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸುಂಕದವನಿಗೆ ಕೈಯಿದೆ, ಕಿವಿಯಿಲ್ಲ ಎಂಬುದು ಹಿರಿಯರ ಅನುಭವ. ಪ್ರಭು ಯೇಸು ಅಂಥ ಒಬ್ಬ ಸುಂಕದವನನ್ನೇ ತಮ್ಮ ಪ್ರೇಷಿತನನ್ನಾಗಿ ಆರಿಸಿಕೊಂಡರು.

ಫ್ರಾನ್ಸ್ ದೇಶದಲ್ಲಿ ಸುಂಕದ ಅಧಿಕಾರಿಯನ್ನು 'ದುವಾನಿಯೇ' ಎನ್ನುತ್ತಾರೆ. ಸಂತ ಮತ್ತಾಯರೇ ಅವರ ಪಾಲಕ ಸಂತರು. ಹೆಸರು ಹೊಸದಾಗಿ ಕೇಳಿಸಿದರೂ ಅದರ ಮೂಲ ನಮಗೆ ಪರಿಚಿತವೇ. ಅದು ಪರ್ಷಿಯನ್ ಭಾಷೆಯ 'ದಿವಾನ್'. ಮೊದಲು ಅದರ ಅರ್ಥ ಲೆಕ್ಕದ ಪುಸ್ತಕ, ಬಳಿಕ ಆ ಪುಸ್ತಕವಿಡುವ ಕಚೇರಿ. ಅರಬ್ಬರ ಬಂದರುಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಇಟಲಿಯವರಿಂದ ಈ ಪದ ಫ್ರೆಂಚರಿಗೆ ದಾಟಿ, ಸುಂಕದ ಕಚೇರಿ 'ದುವಾನ್' ಆಯಿತು. ಇತ್ತ ನಮ್ಮ ದೇಶದಲ್ಲಿ ಅದೇ ಪದ ಅಧಿಕಾರಿಯ ಹೆಸರಾಯಿತು. ಪಾವಗಡವೂ ಸೇರಿದ್ದ ಮೈಸೂರು ಸಂಸ್ಥಾನಕ್ಕೆ 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ದಿವಾನರು. ಅವರಿಗಿಂತ ಮೊದಲು ಕಥೋಲಿಕರಾದ ಟಿ.ಆರ್.ಎ. ತಂಬೂಚೆಟ್ಟಿಯವರೂ ಹಂಗಾಮಿ ದಿವಾನರಾಗಿದ್ದರು. ಕಚೇರಿಯ ಗೋಡೆಗೆ ಒರಗಿಸಿದ ಆಸನಕ್ಕೂ ಇದೇ ಹೆಸರು ಅಂಟಿತು. ನಮ್ಮ ಪಡಸಾಲೆಯ ದಿವಾನ್ ಮಂಚ ಅದೇ.

ಪುಸ್ತಕ, ಕಚೇರಿ, ಆಸನ: ಮತ್ತಾಯರ ಬಾಳಿನಲ್ಲಿ ಈ ಮೂರೂ ಇದ್ದವು. ಕಫೆರ್ನವುಮ್ ಗಡಿಯ ಊರು. ಹೆರೋದ ಅಂತಿಪನ ಸೀಮೆ ಅದರ ಬಳಿ ಮುಗಿದು ಸೋದರ ಫಿಲಿಪ್ಪನ ಸೀಮೆ ಆರಂಭವಾಗುತ್ತಿತ್ತು. ದಾಟುವ ಸರಕಿಗೆಲ್ಲ ಸುಂಕ. ಸುತ್ತ ಬಹುಪಾಲು ಆಂಧ್ರವೇ ಇರುವ ಪಾವಗಡದವರಿಗೆ ಇದನ್ನು ವಿವರಿಸಬೇಕಿಲ್ಲ. 2017ರಲ್ಲಿ ಜಿ.ಎಸ್.ಟಿ. ಬರುವವರೆಗೆ ರಾಜ್ಯಗಳ ಗಡಿಯಲ್ಲಿ ತೆರಿಗೆ ಚೆಕ್‌ಪೋಸ್ಟ್‌ಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಾವು ಮರೆತಿಲ್ಲ.

ಶುಭಸಂದೇಶವನ್ನು ಗಮನಿಸೋಣ. ಯೇಸು ಕಂಡಾಗ ಮತ್ತಾಯರು ಕುಳಿತಿದ್ದರು. ಕರೆದಾಗ ಎದ್ದರು (ಮತ್ತಾಯ 9:9). ಆಸನ ಬಿಟ್ಟರು, ಕಚೇರಿ ಬಿಟ್ಟರು, ಬರೆಯುವುದನ್ನು ಮಾತ್ರ ಬಿಡಲಿಲ್ಲ. ಜನರ ಬಾಕಿ ಬರೆದ ಕೈಯೇ ದೇವರ ಕರುಣೆಯನ್ನೂ ಬರೆಯಿತು ಎಂಬುದು ಧರ್ಮಸಭೆಯ ಪರಂಪರೆ.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಮಕ್ಕಳು ಇಂದು ತಾಲ್ಲೂಕು ಕಚೇರಿ, ಬ್ಯಾಂಕು, ಆಸ್ಪತ್ರೆಗಳ ಕುರ್ಚಿಗಳಲ್ಲಿದ್ದಾರೆ. ಜ್ಞಾನಸ್ನಾನದ ದಫ್ತರ ಹಿಡಿದ ಗುರುಗಳಾದ ನಾವೂ ಕುಳಿತವರೇ. ಪಿಂಚಣಿಗೆಂದು ಬಂದ ಅಜ್ಜಿಗೆ 'ನಾಳೆ ಬಾ' ಎಂದಾಗ, ಪ್ರಮಾಣಪತ್ರಕ್ಕೆ ಬಂದ ಬಡವರನ್ನು ಬಾಗಿಲಲ್ಲೇ ಕಾಯಿಸಿದಾಗ ಆ ಗಾದೆ ನಿಜವಾಗುತ್ತದೆ. ಹಾಗೆಂದು ಕುರ್ಚಿಯಲ್ಲಿರುವವರೆಲ್ಲ ಇಷ್ಟೇ ಎಂದು ಕೈಬಿಡುವುದೂ ಸಲ್ಲದು. ಯೇಸು ಸುಂಕದವರ ಪಂಕ್ತಿಯಲ್ಲೇ ಊಟಕ್ಕೆ ಕುಳಿತರು.

ಈ ಹಬ್ಬದಂದು ನಾವು ಒಮ್ಮೆ ಎದ್ದು, ಬಂದವರನ್ನು ಕುಳ್ಳಿರಿಸಿ, ಅವರ ಸುಖದುಃಖ ಕೇಳೋಣ. ಸಂತ ಮತ್ತಾಯರೇ, ನಮಗಾಗಿ ಪ್ರಾರ್ಥಿಸಿರಿ.